ಸೈಕಲ್ಲಿನವರ ಸಾಲು

(ಕಳೆದ ಭಾನುವಾರ ಸಂಜೆ ಗಿರಣಿ ಚಾಳಿನ ಮುಂದಿನ ಬಯಲಿನಲ್ಲಿ ಕೂಡಿದ್ದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರು ಮಾಡಿದ ಭಾಷಣ. ಸಭೆಗೆ ಬರಲಾಗದ ಹಲವರು ಕೇಳಿದ್ದರಿಂದ ಇಲ್ಲಿ ಅಚ್ಚು ಮಾಡಿದ್ದೇವೆ. — ಸಂ.)

ಅಧ್ಯಕ್ಷರೇ, ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರುವ ಕಾರ್ಮಿಕ ಬಂಧುಗಳೇ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದಿರುವ ವ್ಯಾಪಾರಿ ಮಿತ್ರರೇ, ತಾಯಂದಿರೇ,

ಇವತ್ತು ಕೂಲಿಯ ವಿಷಯವನ್ನಾಗಲಿ, ಬೋನಸ್ಸಿನ ವಿಷಯವನ್ನಾಗಲಿ ನಾನು ಮಾತಾಡುವುದಿಲ್ಲ. ಸೈಕಲ್ಲಿನ ವಿಷಯ ಮಾತಾಡುತ್ತೇನೆ. ಇದನ್ನು ಕೇಳಿ ಕೆಲವರು ನಗುತ್ತಿದ್ದೀರಿ. “ಮೇಷ್ಟ್ರು ಯಾವ ಕಾಲದಲ್ಲಿದ್ದಾರೆ? ಈಗ ಎಲ್ಲರ ಮನೆಯ ಮುಂದೂ ಮೋಟಾರು ಬೈಕು ನಿಂತಿದೆ” ಎಂದು ನಿಮ್ಮ ಮನಸ್ಸಿನಲ್ಲಿ ಇರಬಹುದು. ಎಲ್ಲರ ಮನೆಯ ಮುಂದೂ ನಿಂತಿಲ್ಲ, ಬಂಧುಗಳೇ. ಬೆಳಗಿನ ಜಾವ ಐದೂವರೆಗೆ ಗಿರಣಿಯ ಗೇಟಿನ ಮುಂದೆ ನಿಂತು ನೋಡಿ. ಕಸ ಗುಡಿಸುವವರು, ಗುತ್ತಿಗೆಯ ಹಮಾಲರು, ರಾತ್ರಿ ಕಾವಲಿನ ಮುದುಕರು, ಪೇಪರು ಹಾಕುವ ಹುಡುಗರು, ಹಾಲಿನ ಕ್ಯಾನು ಕಟ್ಟಿಕೊಂಡವರು, ಇಡ್ಲಿ ಡಬ್ಬಿ ಕಟ್ಟಿಕೊಂಡವರು, ಇವರೆಲ್ಲರ ಕಾಲ ಕೆಳಗೆ ಇನ್ನೂ ಸೈಕಲ್ಲಿದೆ. ನಮ್ಮಲ್ಲಿ ಯಾರ ಸಂಪಾದನೆ ಎಲ್ಲಕ್ಕಿಂತ ಕಡಿಮೆಯೋ ಅವರೇ ಸೈಕಲ್ಲಿನ ಮೇಲೆ ಉಳಿದಿದ್ದಾರೆ. ರಸ್ತೆಯ ಮೇಲೆ ಎಲ್ಲರಿಗಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವರೂ ಅವರೇ.

ಈ ಮಾತನ್ನು ಆಡಲು ನನಗೆ ಇನ್ನೊಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಹೇಳದಿದ್ದರೆ ಮುಂದಿನ ಮಾತಿಗೆ ಬೆಲೆಯಿಲ್ಲ.

ಕಳೆದ ವರ್ಷ ಕಾರ್ತಿಕ ಮಾಸದಲ್ಲಿ ನಾವು 22 ಜನ ನಮ್ಮ ಪತ್ರಿಕೆಯ ಕಟ್ಟುಗಳನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಬಾವುಟ ಹಿಡಿದು, ಹಳ್ಳಿಗಳಿಗೆ ಹೊರಟೆವು. ಮುಂದಾಳಾಗಿ ನಾನೇ ಇದ್ದೆ. “ಎಲ್ಲರೂ ಒಟ್ಟಾಗಿ ಬನ್ನಿ, ಜನ ನೋಡಲಿ” ಎಂದವನೂ ನಾನೇ. ಸಾಲಿಲ್ಲ, ಲೆಕ್ಕವಿಲ್ಲ, ನಾಲ್ಕು ನಾಲ್ಕು ಜನ ಪಕ್ಕಪಕ್ಕದಲ್ಲಿ ಮಾತಾಡುತ್ತಾ, ಹಾಡುತ್ತಾ ಹೋಗುತ್ತಿದ್ದೆವು. ದಾರಿಯಲ್ಲಿ ಒಂದು ಹೊಂಡ ಬಂತು. ನಾನು ಬಾಯಿ ಬಿಡದೆ ಫಕ್ಕನೆ ಬ್ರೇಕು ಹಿಡಿದೆ. ನನ್ನ ಹಿಂದಿನವನು ಹಿಡಿದ, ಅವನ ಹಿಂದಿನವನಿಗೆ ಹಿಡಿಯಲು ಹೊತ್ತು ಸಾಲಲಿಲ್ಲ. ಬಲಗಡೆಯ ಅಂಚಿನಲ್ಲಿದ್ದ ಹುಡುಗನ ಮುಂದಿನ ಗಾಲಿ ಇನ್ನೊಬ್ಬನ ಹಿಂದಿನ ಗಾಲಿಗೆ ತಾಗಿತು. ಅವನು ರಸ್ತೆಯ ನಡುವಿಗೆ ಬಿದ್ದ. ಹಿಂದೆ ಬರುತ್ತಿದ್ದ ಟೆಂಪೋ ಅವನ ಕಾಲಿನ ಮೇಲೆ ಹೋಯಿತು.

ಆ ಹುಡುಗ ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಈಗ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದು, ರಾಡು ಹಾಕಿ, ಮೂರು ತಿಂಗಳು ಹಾಸಿಗೆಯಲ್ಲಿದ್ದ. ಇವತ್ತಿಗೂ ಕುಂಟುತ್ತಾನೆ. ಅವನ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಅವನು ಈ ಸಭೆಯಲ್ಲಿ ಕೂತಿದ್ದಾನೆ. ಅವನ ತಾಯಿ ಮಿರ್ಚಿ, ಮಂಡಕ್ಕಿ ಮಾರಿ ಮಗನನ್ನು ಸಾಕಿದವರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರು ನನ್ನನ್ನು ಬಯ್ಯಲಿಲ್ಲ. “ಮೇಷ್ಟ್ರೇ, ಸ್ಕೂಲಲ್ಲಿ ಮಕ್ಕಳನ್ನ ಸಾಲಾಗಿ ನಿಲ್ಲಿಸ್ತಿದ್ರಲ್ಲ, ರಸ್ತೇಲಿ ಯಾಕೆ ಮರೆತ್ರಿ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತಿನ ಭಾಷಣವೇ ಉತ್ತರವೆಂದು ತಿಳಿಯಿರಿ.

ಇನ್ನೊಂದು ವಿಷಯ. ಟೆಂಪೋದ ಚಾಲಕ ಓಡಿಹೋಗಲಿಲ್ಲ. ಹುಡುಗನನ್ನು ಎತ್ತಿ ತನ್ನ ಗಾಡಿಯಲ್ಲೇ ಮಲಗಿಸಿ ಆಸ್ಪತ್ರೆಗೆ ತಂದವನು ಅವನೇ. ಅಷ್ಟರಲ್ಲಿ ನಮ್ಮವರು ಇಬ್ಬರು ಅವನ ಮೇಲೆ ಕೈ ಎತ್ತಿದ್ದರು. ಆಮೇಲೆ ತಿಳಿಯಿತು, ಅವನು ಹಿಂದಿನ ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಮಾಲಿಕ ಎರಡನೆಯ ಬಾಡಿಗೆಗೆ ಕಳಿಸಿದ್ದ. ಅವನೂ ನಮ್ಮಂತೆ ದುಡಿದು ತಿನ್ನುವವನು. ಸ್ಟಿಯರಿಂಗು ಹಿಡಿದವನೆಲ್ಲ ನಮ್ಮ ವೈರಿ ಎಂದು ತಿಳಿದರೆ ನಾವು ದಾರಿ ತಪ್ಪುತ್ತೇವೆ.

ಹಾಗಾದರೆ ಗುಂಪಾಗಿ ಹೋಗುವುದೇ ತಪ್ಪೇ? ಅಲ್ಲ. ಸೈಕಲ್ಲಿಗೂ ಕಾರ್ಮಿಕರ ಸಂಘಟನೆಗೂ ಬಹಳ ಹಳೆಯ ನಂಟಿದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಬ್ಲ್ಯಾಚ್‌ಫೋರ್ಡ್ 1891ರಲ್ಲಿ ‘ಕ್ಲ್ಯಾರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆ ತೆಗೆದರು. 1894ರಲ್ಲಿ ಬರ್ಮಿಂಗ್‌ಹ್ಯಾಮಿನ ಕೆಲವು ತರುಣರು ಅದೇ ಹೆಸರಿನಲ್ಲಿ ಸೈಕಲ್ ಕ್ಲಬ್ಬು ಕಟ್ಟಿದರು. ರಜೆಯ ದಿನ ಗುಂಪಾಗಿ ಹಳ್ಳಿಗಳಿಗೆ ಹೋಗಿ ಪತ್ರಿಕೆ ಹಂಚುತ್ತಿದ್ದರು, ಸಂತೆಮಾಳದಲ್ಲಿ ಭಾಷಣ ಮಾಡುತ್ತಿದ್ದರು. ಜರ್ಮನಿಯಲ್ಲಿ 1896ರಲ್ಲಿ ಆಫೆನ್‌ಬಾಖ್ ಎಂಬ ಊರಿನಲ್ಲಿ ‘ಸಾಲಿಡಾರಿಟೇಟ್’, ಅಂದರೆ ಒಗ್ಗಟ್ಟು, ಎಂಬ ಹೆಸರಿನ ಕಾರ್ಮಿಕ ಸೈಕಲ್ ಸವಾರರ ಒಕ್ಕೂಟ ಹುಟ್ಟಿತು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅದರ ಸದಸ್ಯರು ಒಂದೂವರೆ ಲಕ್ಷದ ಆಸುಪಾಸು ಇದ್ದರು. ತಮ್ಮದೇ ಸೈಕಲ್ ಕಾರ್ಖಾನೆಯನ್ನೂ ನಡೆಸಿದರು. ಸವಾರಿಯಲ್ಲಿ ಅಪಘಾತವಾದ ಸದಸ್ಯನಿಗೆ ಒಕ್ಕೂಟದಿಂದ ನೆರವು ಸಿಗುತ್ತಿತ್ತು. 1933ರಲ್ಲಿ ಹಿಟ್ಲರನ ಸರ್ಕಾರ ಅದನ್ನು ಮುಚ್ಚಿಸಿತು. ಕೂಲಿಕಾರರು ಒಟ್ಟಾಗಿ ಸೈಕಲ್ಲು ಹತ್ತುವುದು ದರ್ಪದವರಿಗೆ ಎಷ್ಟು ಹೆದರಿಕೆ ಹುಟ್ಟಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಆ ಜನ ಪತ್ರಿಕೆ ಹಂಚುವುದರ ಜೊತೆಗೆ ಬಿದ್ದವನ ಚಿಂತೆಯನ್ನೂ ಮಾಡಿದರು. ನಾನು ಪತ್ರಿಕೆಯನ್ನು ಮಾತ್ರ ನೆನಪಿಟ್ಟೆ.

ಈಗ ಗುಂಪಿನಲ್ಲಿ ಅಪಾಯ ಹೇಗೆ ಹುಟ್ಟುತ್ತದೆ ಎಂಬುದನ್ನು ಕೇಳಿ. ಮೇಷ್ಟ್ರ ಅಭ್ಯಾಸ, ಸ್ವಲ್ಪ ಲೆಕ್ಕ ಹೇಳುತ್ತೇನೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವ ಸೈಕಲ್ಲು ಒಂದು ಸೆಕೆಂಡಿಗೆ 4 ಮೀಟರ್ ಸಾಗುತ್ತದೆ. ಮುಂದಿನವನು ಬ್ರೇಕು ಹಿಡಿದದ್ದನ್ನು ಕಣ್ಣು ನೋಡಿ, ಕೈ ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡು ಬೇಕು. ಮುಂದಿನವನಿಗೂ ನಿಮಗೂ ನಡುವೆ ಒಂದು ಮೊಳ ಜಾಗವಿದ್ದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಗಾಲಿಗೆ ಗಾಲಿ ತಾಗಿದಾಗ ಮುಂದಿನವನು ಸಾಮಾನ್ಯವಾಗಿ ಬೀಳುವುದಿಲ್ಲ, ಹಿಂದಿನವನು ಬೀಳುತ್ತಾನೆ. ಏಕೆಂದರೆ ತಿರುಚಿಕೊಳ್ಳುವುದು ಅವನ ಮುಂದಿನ ಗಾಲಿ, ಅಂದರೆ ಹ್ಯಾಂಡಲ್ಲು. ತಪ್ಪು ಮುಂದಿನವನದು, ಪೆಟ್ಟು ಹಿಂದಿನವನಿಗೆ! ಆದ್ದರಿಂದ ಮುಂದೆ ಹೋಗುವವನು ಹಿಂದಿರುವವರ ಹೊಣೆ ಹೊರಬೇಕು. ಈ ಮಾತು ಸೈಕಲ್ಲಿಗೆ ಮಾತ್ರವಲ್ಲ, ಪಕ್ಷಕ್ಕೂ ಸಲ್ಲುತ್ತದೆ.

ಲಾರಿಯ ಲೆಕ್ಕ ಬೇರೆ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಸಾಗುತ್ತದೆ. 30ರ ವೇಗಕ್ಕೆ ಹೋಲಿಸಿದರೆ 60ರ ವೇಗದಲ್ಲಿ ಪೆಟ್ಟಿನ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ನಮ್ಮ ದೇಶದ ಲಾರಿಯಲ್ಲಿ ಚಾಲಕ ಬಲಗಡೆ ಎತ್ತರದಲ್ಲಿ ಕೂರುತ್ತಾನೆ. ಎಡಗಡೆಯ ಬಾಗಿಲಿನ ಕೆಳಗೆ, ಬಂಪರಿನ ಮೂಲೆಯಲ್ಲಿ ನಿಂತ ಸೈಕಲ್ಲು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಉದ್ದದ ಲಾರಿ ಎಡಕ್ಕೆ ತಿರುಗುವಾಗ ಮುಂದಿನ ಗಾಲಿ ದೂರದಿಂದ ಸುತ್ತಿ ಬಂದರೂ ಹಿಂದಿನ ಗಾಲಿ ಮೂಲೆಗೆ ಒತ್ತಿಕೊಂಡು ಬರುತ್ತದೆ. ವೃತ್ತದಲ್ಲಿ ಲಾರಿ ನಿಂತಿದೆಯೆಂದು ಅದರ ಎಡಗಡೆಯ ಸಂದಿಯಲ್ಲಿ ನುಗ್ಗಿದವನು ಆ ಹಿಂದಿನ ಗಾಲಿಗೆ ಸಿಗುತ್ತಾನೆ. ಆದ್ದರಿಂದ ನಿಂತ ಲಾರಿಯ ಎಡಕ್ಕೆ ಹೋಗಬೇಡಿ. ಹಿಂದೆಯೇ ನಿಲ್ಲಿ. ಒಂದು ನಿಮಿಷ ತಡವಾದರೆ ಪಾಳಿ ಎಲ್ಲಿಗೂ ಓಡಿಹೋಗುವುದಿಲ್ಲ.

ನನ್ನ ಕೈಯಿಂದ ಆದ ಅನಾಹುತದ ನಂತರ ಸೈಕಲ್ಲಿನ ಹಳಬರನ್ನು, ರಿಪೇರಿಯವರನ್ನು, ಹಾಲಿನವರನ್ನು ಕೇಳಿ ಕೆಲವು ಕಟ್ಟಳೆಗಳನ್ನು ಬರೆದುಕೊಂಡಿದ್ದೇನೆ. ಒಂದೊಂದಾಗಿ ಕೇಳಿ.

ಒಂದನೆಯದು, ಒಂದು ಸಾಲಿನಲ್ಲಿ ಎಂಟು ಜನಕ್ಕಿಂತ ಹೆಚ್ಚು ಬೇಡ. ಹೆಚ್ಚಿದ್ದರೆ ಇನ್ನೊಂದು ಸಾಲು ಮಾಡಿ, ನಡುವೆ ಲಾರಿಯೊಂದು ಒಳಗೆ ಸೇರಿಕೊಳ್ಳುವಷ್ಟು ಜಾಗ ಬಿಡಿ. 22 ಜನರ ಮುದ್ದೆಯನ್ನು ದಾಟಲು ಹೊರಟ ವಾಹನ ಎದುರಿನಿಂದ ಬಸ್ಸು ಬಂದರೆ ನಮ್ಮ ಮೇಲೇ ಬರಬೇಕಾಗುತ್ತದೆ.

ಎರಡನೆಯದು, ವಾಹನ ಓಡಾಡುವ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು. ಮುಂದಿನವನ ಹಿಂದಿನ ಗಾಲಿಯ ಪಕ್ಕಕ್ಕೆ ನಿಮ್ಮ ಮುಂದಿನ ಗಾಲಿ ಎಂದಿಗೂ ಬರಬಾರದು. ನಡುವೆ ಒಂದು ಸೈಕಲ್ಲಿನ ಉದ್ದವಾದರೂ ಬಿಡಿ; ಇಳಿಜಾರಿನಲ್ಲಿ, ಮಳೆಯಲ್ಲಿ ಅದರ ಎರಡರಷ್ಟು. ಮಾತಾಡಬೇಕಾದರೆ ಚಹಾದಂಗಡಿ ಇದೆ.

ಮೂರನೆಯದು, ಮುಂದಿನವನು ಕೂಗಿ ಹೇಳಬೇಕು. “ಹೊಂಡ”, “ನಿಲ್ಲು”, “ಎಡಕ್ಕೆ”, ಮೂರೇ ಮಾತು ಸಾಕು. ಕೇಳಿದವನು ತನ್ನ ಹಿಂದಿನವನಿಗೆ ದಾಟಿಸಬೇಕು. ಕೂಗದೆ ಬ್ರೇಕು ಹಿಡಿಯಬಾರದು.

ನಾಲ್ಕನೆಯದು, ಎಲ್ಲರಿಗಿಂತ ನಿಧಾನ ಹೋಗುವವನ ವೇಗವೇ ಸಾಲಿನ ವೇಗ. ಹಾಲಿನ ಕ್ಯಾನು, ಬಟ್ಟೆಯ ಗಂಟು ಕಟ್ಟಿಕೊಂಡವರನ್ನು ಮುಂದೆ ಬಿಡಿ. ಭಾರದ ಸೈಕಲ್ಲು ಬೇಗ ನಿಲ್ಲುವುದಿಲ್ಲ. ಅದು ಹಿಂದಿದ್ದರೆ ಮುಂದಿನವನ ಬೆನ್ನಿಗೆ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ತೂಕಡಿಸುವವನನ್ನು ನಡುವೆ ಇಟ್ಟುಕೊಳ್ಳಿ.

ಐದನೆಯದು, ಎಲ್ಲರ ಹಿಂದೆ ನುರಿತವನೊಬ್ಬ ಇರಲಿ, ಅವನ ಹತ್ತಿರ ಕೆಂಪು ದೀಪವಿರಲಿ. ದೀಪವಿಲ್ಲದೆ ಸೈಕಲ್ಲು ತುಳಿದರೆ ಪೊಲೀಸಿನವರು ಗಾಳಿ ಬಿಡುತ್ತಿದ್ದರು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಈಗ ಕೇಳುವವರಿಲ್ಲ. ಕೇಳುವವರಿಲ್ಲವೆಂದು ಕತ್ತಲೆ ಕಡಿಮೆಯಾಗಿಲ್ಲ. ಮಡ್‌ಗಾರ್ಡಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿ, ಬಿಳಿಯ ಅಂಗಿ ತೊಡಿ.

ಇಷ್ಟು ಮಾಡಿದರೆ ಸಾಕೇ? ಸಾಲದು. ಇಲ್ಲಿಗೇ ನಿಲ್ಲಿಸಿದರೆ ನನ್ನ ಮಾತಿಗೂ ಸರ್ಕಾರದ ಬೋಧನೆಗೂ ವ್ಯತ್ಯಾಸವಿರುವುದಿಲ್ಲ. “ಜೋಪಾನವಾಗಿ ಹೋಗಿ” ಎಂದು ಬೋರ್ಡು ಬರೆಸಿ ಕೈ ತೊಳೆದುಕೊಳ್ಳುವುದು ಸುಲಭ. 2022ರಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಜನ ಎಂದು ಕೇಂದ್ರ ಸರ್ಕಾರದ ಲೆಕ್ಕವೇ ಹೇಳುತ್ತದೆ. ಇಷ್ಟೂ ಜನ ಅಜಾಗರೂಕತೆಯಿಂದಲೇ ಸತ್ತರೆಂದು ಯಾರು ನಂಬುತ್ತಾರೆ?

ನಮ್ಮ ಊರನ್ನೇ ನೋಡಿ. ಹೆದ್ದಾರಿ ಅಗಲವಾಯಿತು, ಊರು ಎರಡು ಭಾಗವಾಯಿತು. ಗಿರಣಿ ಒಂದು ಕಡೆ, ಕೂಲಿಕಾರರ ಮನೆಗಳು ಇನ್ನೊಂದು ಕಡೆ. ದಾಟುವ ಜಾಗ ಒಂದು ಮೈಲಿ ಆಚೆ. ರಾತ್ರಿಯೆಲ್ಲ ದುಡಿದವನು ಎರಡು ಮೈಲಿ ಸುತ್ತಲಾರದೆ ಎದುರು ದಿಕ್ಕಿನಲ್ಲೇ ಸೈಕಲ್ಲು ತುಳಿಯುತ್ತಾನೆ. ಅವನು ಸತ್ತರೆ ‘ತಪ್ಪು ದಿಕ್ಕಿನಲ್ಲಿ ಬಂದ’ ಎಂದು ಬರೆಯುತ್ತಾರೆ. ದಾರಿಯನ್ನು ತಪ್ಪಾಗಿ ಕಟ್ಟಿದರು ಎಂದು ಯಾರೂ ಬರೆಯುವುದಿಲ್ಲ. ನಾನು ಮೇಷ್ಟ್ರ ಕೆಲಸಕ್ಕೆ ಸೇರುವ ಮುಂಚೆಯೇ, 2006–07ರಲ್ಲಿ, ನಮ್ಮ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆ ತಂದಿತು. ಒಳ್ಳೆಯ ಕೆಲಸ, ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿನ ಮುಖ ನೋಡಿದ್ದು ಅದರಿಂದ. ಆದರೆ ಸೈಕಲ್ಲು ಕೊಟ್ಟವರು ಅದನ್ನು ತುಳಿಯಲು ಮೂರು ಅಡಿ ಜಾಗ ಕೊಡಲಿಲ್ಲ.

ಜಾಗ ಕೇಳಿ ಪಡೆದ ಜನ ಇದ್ದಾರೆ. ಹಾಲೆಂಡಿನ ಸೈಕಲ್ಲು ರಸ್ತೆಗಳ ಚಿತ್ರವನ್ನು ನೀವು ನೋಡಿರಬಹುದು. ಅದು ಅವರ ಹುಟ್ಟುಗುಣವೆಂದು ತಿಳಿಯಬೇಡಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳು ಹೆಚ್ಚಿದವು, ಸೈಕಲ್ಲಿನವರು ಮೂಲೆಗೆ ಸರಿದರು. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ತಲೆಬರಹ ಕೊಟ್ಟು ಲೇಖನ ಬರೆದರು. ಅದೇ ಹೆಸರಿನಲ್ಲಿ ತಂದೆ ತಾಯಂದಿರು ಬೀದಿಗಿಳಿದರು, ರಸ್ತೆಗಳಿಗೆ ಅಡ್ಡ ಕೂತರು. 1973ರಲ್ಲಿ ತೈಲದ ಅಭಾವ ಬಂದಾಗ ಅಲ್ಲಿನ ಸರ್ಕಾರ ಕೆಲವು ಭಾನುವಾರ ಕಾರುಗಳನ್ನೇ ನಿಲ್ಲಿಸಿತು. ಕಾರಿಲ್ಲದ ರಸ್ತೆ ಹೇಗಿರುತ್ತದೆ ಎಂದು ಜನ ಕಣ್ಣಾರೆ ಕಂಡರು. ಅಲ್ಲಿಂದ ಮುಂದೆ ಸೈಕಲ್ಲಿಗೆ ಬೇರೆ ದಾರಿ, ಮನೆಗಳ ಬೀದಿಯಲ್ಲಿ ವೇಗಕ್ಕೆ ಕಡಿವಾಣ ಒಂದೊಂದಾಗಿ ಬಂದವು. ಈಚಿನ ವರ್ಷಗಳಲ್ಲಿ ಅಲ್ಲಿ ರಸ್ತೆಯಲ್ಲಿ ಸಾಯುವವರು ವರ್ಷಕ್ಕೆ 700ರ ಆಸುಪಾಸು. ಅದೂ ಸಣ್ಣ ಸಂಖ್ಯೆಯಲ್ಲ. ಆದರೆ ಕೇಳಿದರೆ ಸಿಗುತ್ತದೆ ಎಂಬುದು ಅದರಿಂದ ಖಚಿತವಾಗುತ್ತದೆ.

ನಾವು ಏನು ಕೇಳಬೇಕು? ದೊಡ್ಡದೇನೂ ಬೇಡ, ಮೊದಲು ನಾಲ್ಕು ಕೇಳೋಣ. ಪಾಳಿ ಬದಲಾಗುವ ಹೊತ್ತಿಗೆ ಹಿಂದೆ ಮುಂದೆ ಕಾಲು ಗಂಟೆ ಗಿರಣಿಯ ಗೇಟಿನಲ್ಲಿ ಲಾರಿ ಒಳಗೆ ಹೊರಗೆ ಓಡಾಡಬಾರದು. ರಾತ್ರಿ ಲಾರಿಗಳನ್ನು ದೀಪವಿಲ್ಲದೆ ರಸ್ತೆಯ ಅಂಚಿಗೆ ನಿಲ್ಲಿಸಬಾರದು. ಸರ್ವಿಸ್ ರಸ್ತೆಯ ಹೊಂಡ ಮುಚ್ಚಿ ದೀಪ ಹಾಕಬೇಕು. ಗಿರಣಿಯ ಎದುರಿಗೇ ದಾಟಲು ದಾರಿ ಬೇಕು. ಮೊದಲ ಎರಡು ಆಡಳಿತ ಮಂಡಳಿಯ ಕೈಯಲ್ಲಿದೆ, ಒಂದು ಕಾಸಿನ ಖರ್ಚಿಲ್ಲ. ಉಳಿದ ಎರಡಕ್ಕೆ ನಗರಾಡಳಿತಕ್ಕೂ ಜಿಲ್ಲಾಧಿಕಾರಿಗೂ ಅರ್ಜಿ ಸಿದ್ಧವಾಗಿದೆ. ಸಭೆ ಮುಗಿದ ಮೇಲೆ ಸಹಿ ಹಾಕಿ.

ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಬೇಸರ ಪಟ್ಟುಕೊಳ್ಳಬೇಡಿ. ನಿಮ್ಮ ಬೋರ್ಡು, ಚೀಲಗಳು, ತರಕಾರಿಯ ಬುಟ್ಟಿಗಳು ಚರಂಡಿ ದಾಟಿ ರಸ್ತೆಗೆ ಬಂದಿವೆ. ಅದರ ಮುಂದೆ ಗಿರಾಕಿಯ ಬೈಕು. ಸೈಕಲ್ಲಿನವನು ಆ ಎರಡನ್ನೂ ಬಳಸಿಕೊಂಡು ರಸ್ತೆಯ ನಡುವಿಗೇ ಬರಬೇಕು. ಅವನೂ ನಿಮ್ಮ ಗಿರಾಕಿ, ತಿಂಗಳ ಕೊನೆಯಲ್ಲಿ ನಿಮ್ಮಲ್ಲಿ ಉದ್ರಿ ಬರೆಸುವವನು. ಚರಂಡಿಯ ಗೆರೆಯ ಒಳಗೆ ಸರಕು ಇಟ್ಟುಕೊಳ್ಳಿ ಎಂದು ನಿಮ್ಮನ್ನು ಬೇಡುತ್ತೇನೆ. ಹಾಗೆಯೇ ನಮ್ಮಲ್ಲಿ ಬೈಕು ಕೊಂಡ ತರುಣರಿಗೆ ಒಂದು ಮಾತು: ಮೊನ್ನೆಯವರೆಗೆ ಸೈಕಲ್ಲು ತುಳಿದವರು ನೀವೇ. ಹತ್ತಿರದಿಂದ ಹಾರ್ನು ಒತ್ತಿ ಹಾಯುವಾಗ ಅದನ್ನು ನೆನಪಿಡಿ.

ಕೊನೆಯದಾಗಿ, ಬಿದ್ದವನ ಹಕ್ಕು. ಇದನ್ನು ಬರೆದುಕೊಳ್ಳಿ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತವನ್ನು, ಹೊತ್ತು ಮತ್ತು ದಾರಿ ಕೆಲಸಕ್ಕೆ ಹೊಂದುವುದಾದರೆ, ಕೆಲಸದಲ್ಲೇ ಆದ ಗಾಯವೆಂದು ಎಣಿಸಬೇಕು ಎಂದು 2010ರಲ್ಲಿ ಇ.ಎಸ್.ಐ. ಕಾನೂನಿಗೆ ತಿದ್ದುಪಡಿಯಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಸೇರಿದೆ. ಇದರ ಅರ್ಥವೇನು? ಸಾಮಾನ್ಯ ಕಾಯಿಲೆಗೆ ಇ.ಎಸ್.ಐ.ಯಿಂದ ಕೂಲಿಯ ನೂರಕ್ಕೆ 70 ಪಾಲು ಸಿಕ್ಕರೆ, ಕೆಲಸದ ಗಾಯಕ್ಕೆ 90 ಪಾಲು ಸಿಗುತ್ತದೆ. ನಮ್ಮ ಹುಡುಗ ಅಂದು ಪಾಳಿಗೆ ಹೋಗುತ್ತಿರಲಿಲ್ಲ, ನನ್ನ ಹಿಂದೆ ಬರುತ್ತಿದ್ದ. ಅವನಿಗೆ 70 ಪಾಲೇ ಸಿಕ್ಕಿತು. ಕಾರ್ಡೇ ಇಲ್ಲದ ಗುತ್ತಿಗೆಯವರಿಗೆ ಅದೂ ಇಲ್ಲ. ಅವರ ಕಾರ್ಡಿಗಾಗಿ ನಾವು ಹೋರಾಡಬೇಕಾಗಿದೆ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಪರಿಹಾರವಿದೆ. 2022ರ ಏಪ್ರಿಲ್ ತಿಂಗಳಿಂದ ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 50,000 ರೂಪಾಯಿ ಗೊತ್ತುಮಾಡಿದ್ದಾರೆ. ಮೋಟಾರು ವಾಹನದಿಂದ ಆದ ಅಪಘಾತದ ಗಾಯಾಳುವಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ಹಣ ಕೇಳದೆ ಚಿಕಿತ್ಸೆ ಕೊಡಬೇಕೆಂದು 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಯೋಜನೆ ಹೊರಡಿಸಿತು. ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವನಿಗೆ ತೊಂದರೆಯಾಗದಂತೆ 2019ರ ತಿದ್ದುಪಡಿ ಕಾನೂನಿನ ರಕ್ಷಣೆ ಕೊಟ್ಟಿದೆ. ಹೆದರಿ ದೂರ ನಿಲ್ಲಬೇಡಿ. ಪೊಲೀಸು ಠಾಣೆಯಲ್ಲಿ ಬರೆಸದೆ ಬಿಡಬೇಡಿ, ನ್ಯಾಯಮಂಡಳಿಗೆ ಅರ್ಜಿ ಹಾಕಲು ಆರು ತಿಂಗಳು ಮೀರಗೊಡಬೇಡಿ. ಆ ಅರ್ಜಿಯಲ್ಲಿ ವಿಮಾ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತೇ? “ಸೈಕಲ್ಲಿನವರು ರಸ್ತೆಗೆ ಅಡ್ಡವಾಗಿ ಹೋಗುತ್ತಿದ್ದರೇ?” ಹೌದೆಂದು ರುಜುವಾತಾದರೆ ನಮ್ಮ ತಪ್ಪಿನ ಪಾಲನ್ನು ಪರಿಹಾರದಲ್ಲಿ ಕಳೆಯುತ್ತಾರೆ. ನಮ್ಮ ಹುಡುಗನ ಅರ್ಜಿ ಇನ್ನೂ ನಡೆಯುತ್ತಿದೆ. ಆ ಪ್ರಶ್ನೆಯನ್ನು ಸಾಕ್ಷಿಕಟ್ಟೆಯಲ್ಲಿ ನನಗೂ ಕೇಳುತ್ತಾರೆ. ನಾನು ಸುಳ್ಳು ಹೇಳಲಾರೆ. ಸಾಲು ಕಟ್ಟದ ತಪ್ಪಿಗೆ ಅವನು ಕಾಲನ್ನೂ ಕೊಟ್ಟ, ಪರಿಹಾರದ ಪಾಲನ್ನೂ ಕೊಡಬೇಕಾಗಬಹುದು. ಅಷ್ಟನ್ನು ನಾವೆಲ್ಲ ಚಂದಾ ಎತ್ತಿ ತುಂಬಿಕೊಡಬೇಕು. ಆಫೆನ್‌ಬಾಖಿನ ಕಾರ್ಮಿಕರು ಮಾಡಿದ್ದೂ ಅದನ್ನೇ.

ಬಂಧುಗಳೇ, ರಸ್ತೆ ನಮ್ಮ ತೆರಿಗೆಯಿಂದ ಆದದ್ದು. ಉಪ್ಪಿನಿಂದ ಹಿಡಿದು ಸೋಪಿನವರೆಗೆ ಕೊಂಡದ್ದಕ್ಕೆಲ್ಲ ಏನಾದರೊಂದು ಬಗೆಯಲ್ಲಿ ಸರ್ಕಾರಕ್ಕೆ ಕೊಡುವವನು ಸೈಕಲ್ಲಿನವನು ಕೂಡ. ಕಾರಿನವನ ದಯೆಯಿಂದ ಅವನು ರಸ್ತೆಯ ಮೇಲಿಲ್ಲ. ಆ ಹಕ್ಕನ್ನು ಒಬ್ಬೊಬ್ಬರಾಗಿ ಕೇಳಿದರೆ ಹಾರ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಗದ್ದಲ ಮಾಡಿ ಕೇಳಿದರೆ ನಮ್ಮವರೇ ಬೀಳುತ್ತಾರೆ. ಸಾಲಾಗಿ ನಿಂತು ಕೇಳೋಣ.

ನಾಳೆ ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ಹೊರಡುವವರು ಐದೂ ಕಾಲಿಗೆ ನೀರಿನ ಟ್ಯಾಂಕಿನ ಬಳಿ ಬನ್ನಿ. ಎಂಟೆಂಟು ಜನರ ಸಾಲು ಕಟ್ಟೋಣ. ನಮ್ಮ ಹುಡುಗ ಈಗ ನಿಧಾನವಾಗಿ ಪೆಡಲು ತುಳಿಯುತ್ತಾನೆ. ಅವನನ್ನು ಮುಂದೆ ಬಿಡೋಣ, ಅವನ ವೇಗದಲ್ಲೇ ಹೋಗೋಣ. ಕೆಂಪು ದೀಪ ಹಿಡಿದು ಎಲ್ಲರ ಹಿಂದೆ ನಾನಿರುತ್ತೇನೆ.